ಬಾಗಿಲಲ್ಲಿ ನಿಂತ ಸಹಕಾರ

ದೇಶದ ಅಧ್ಯಕ್ಷರೂ ವಿರೋಧ ಪಕ್ಷದ ನಾಯಕರೂ ಪರಸ್ಪರ ಪೂರ್ಣ ಸಹಕಾರದಿಂದ, ಅಧ್ಯಕ್ಷರ ಭವನದ ಸಭಾಂಗಣದ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. 'ಸಿಕ್ಕಿಕೊಂಡಿದ್ದಾರೆ' ಎಂಬ ಮಾತನ್ನು ಆಮೇಲೆ ತಿದ್ದಿ 'ಉಪಸ್ಥಿತರಿದ್ದಾರೆ' ಎಂದು ಮಾಡಲಾಯಿತು. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಪಡಲೇಬೇಕು ಅನ್ನುವವರು ಭವನದ ಹಿಂಬದಿಯ ಕಿಟಕಿಯಲ್ಲಿ ಹೆಸರು ಬರೆಸಿ, ಸರದಿ ಬಂದಾಗ ಪಡಬಹುದು.

ಆ ಬಾಗಿಲು ಮಾಡಿದವನು ಉಳಿ ಮಾವ. ಕೆಳಪೇಟೆಯ ಬಡಗಿ. ಅವನ ಉಳಿ ಕಂಡರೆ ಮರ ತಾನಾಗಿ ಹೋಳಾಗುತ್ತಿತ್ತು. ಅವನು ಮಾಡಿಕೊಟ್ಟ ಮಂಚದ ಮೇಲೆ ಮಲಗಿದ ಒಬ್ಬ ಮುದುಕ ಸಾಯುವುದನ್ನೇ ಮರೆತು, ಮೊಮ್ಮಗನ ಮದುವೆಗೆ ಮಲಗಿಕೊಂಡೇ ಹೋಗಿ ಊಟ ಮಾಡಿ ಬಂದ. ಅವನ ಕುರ್ಚಿಯಲ್ಲಿ ಕೂತ ಗುಮಾಸ್ತನೊಬ್ಬ ನಿವೃತ್ತಿಯಾದರೂ ಏಳಲಿಲ್ಲ. ಹೊಸ ಗುಮಾಸ್ತನನ್ನು ಹಳಬನ ತೊಡೆಯ ಮೇಲೆ ಕೂರಿಸಿ ಕಚೇರಿ ನಡೆಸಬೇಕಾಯಿತು. ಇದನ್ನೆಲ್ಲ ಹೇಳಿದ್ದು ಉಳಿ ಮಾವನೇ ಆದ್ದರಿಂದ ಬೇರೆ ಸಾಕ್ಷಿ ಬೇಕಾಗಿಲ್ಲ.

ಸಭಾಂಗಣಕ್ಕೆ ಸರ್ಕಾರ ಹೇಳಿದ್ದು ಜೋಡಿ ಕದದ ಬಾಗಿಲು, ಕೊಟ್ಟದ್ದು ಜೋಡಿ ಕದಕ್ಕಾಗುವಷ್ಟು ತೇಗ. ಉಳಿ ಮಾವ ಎರಡು ಕದವನ್ನೂ ಮಾಡಿದ, ಅದರಲ್ಲಿ ಸುಳ್ಳಿಲ್ಲ. ಒಂದನ್ನು ಸಭಾಂಗಣಕ್ಕೆ ಕೂರಿಸಿದ. ಇನ್ನೊಂದು ಅವನ ಮನೆಯ ಅಡುಗೆಕೋಣೆಯ ಕಪಾಟಿಗೆ ಅಳತೆ ತೆಗೆದ ಹಾಗೆ ಕೂತಿತು. ಉಳಿದ ಅಗಲಕ್ಕೆ ಗೋಡೆ ಕಟ್ಟಿಸಿ ಸುಣ್ಣ ಹೊಡೆಸಿದ. ಶಿಷ್ಟಾಚಾರ ವಿಭಾಗದ ಮೇಡಂ ಬಂದು ಇದ್ದ ಒಂದು ಕದವನ್ನೇ ಒಂದು ಸಲ ತೆರೆದು, ಇನ್ನೊಂದು ಸಲ ಮುಚ್ಚಿ, 'ಜೋಡಿ ಬಾಗಿಲು ತೃಪ್ತಿಕರ' ಎಂದು ಷರಾ ಬರೆದರು. ಅದೇ ವಾರ ಅವರ ಮನೆಗೆ ಹೊಸದೊಂದು ತೇಗದ ಮೇಜು ಹೋಯಿತು. ಅದು ಬೇರೆ ವಿಷಯ.

ಹೀಗೆ ಎಲ್ಲರೂ ಸುಖವಾಗಿರುವಾಗ ಕೆಳಪೇಟೆಗೆ ನೀರೆತ್ತುವ ಯಂತ್ರ ಸುಟ್ಟುಹೋಯಿತು.

ಉಳಿ ಮಾವನ ಮಗಳು ತುಂಬು ಬಸುರಿ. ಮನೆ ಮೂರನೆಯ ಮಹಡಿಯಲ್ಲಿ. ಮಾವ ಬೆಳಿಗ್ಗೆ ಎದ್ದು ಮೇಲುಪೇಟೆಯ ತನಕ ನಡೆದು, ಸರದಿಯಲ್ಲಿ ನಿಂತು, ಬಿಂದಿಗೆ ಹೊತ್ತು ಬರುವಷ್ಟರಲ್ಲಿ ಅರ್ಧ ನೀರು ಮೆಟ್ಟಿಲಿಗೇ ಆಗುತ್ತಿತ್ತು. "ಹೆರಿಗೆ ದಿನ ಬಿಸಿನೀರಿಗೆ ಏನು ಮಾಡ್ತೀರ?" ಎಂದು ಹೆಂಡತಿ ಕೇಳಿದಾಗ ಅವನು, ತಾನು ಹಿಂದೊಮ್ಮೆ ಬರೀ ಉಳಿಯಿಂದ ಬಾವಿ ತೋಡಿದ ಕಥೆ ಹೇಳಿದ. ಹೆಂಡತಿ ಕೊಡಪಾನ ಎತ್ತಿ ಅವನ ಮುಂದೆ ಕುಕ್ಕಿ, ಆ ಬಾವಿಯದ್ದೇ ತುಂಬಿಸಿಕೊಂಡು ಬನ್ನಿ ಅಂದಳು.

ಹೊಸ ಯಂತ್ರ ಬಂದು ಗೋದಾಮಿನಲ್ಲಿ ಕೂತಿತ್ತು. ಅದನ್ನು ಹೊರಗೆ ತೆಗೆಯಲು ಅಧ್ಯಕ್ಷರೂ ವಿರೋಧ ಪಕ್ಷದ ನಾಯಕರೂ ಸಭಾಂಗಣದ ಒಂದೇ ಮೇಜಿನ ಮುಂದೆ ಕೂತು ರುಜು ಹಾಕಬೇಕೆಂಬುದು ಕಾನೂನು. ಒಬ್ಬರೇ ಹಾಕಿದರೆ ಕದಿಯುತ್ತಾರೆ, ಇಬ್ಬರೂ ಹಾಕಿದರೆ ಕದಿಯುವುದು ನಿಧಾನವಾಗುತ್ತದೆ ಎಂದು ಇಬ್ಬರೂ ಕೂಡಿಯೇ ಮಾಡಿದ ಕಾನೂನು ಅದು.

ವಿರೋಧ ಪಕ್ಷದ ನಾಯಕರನ್ನು ಜನ ಪ್ರೀತಿಯಿಂದ ಬೇಡಪ್ಪ ಎಂದು ಕರೆಯುತ್ತಿದ್ದರು. ಯಾವುದಕ್ಕೇ ಆಗಲಿ ಬೇಡ ಅನ್ನುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಅಧ್ಯಕ್ಷರ ಮೇಲೆ ಅವರಿಗೆ ಎಷ್ಟು ಅಪನಂಬಿಕೆ ಅಂದರೆ, ಅಧ್ಯಕ್ಷರು ಆಕಳಿಸಿದರೂ ಅದರ ಹಿಂದೆ ಯಾರಿದ್ದಾರೆ ಎಂದು ವಿಚಾರಣೆ ಕೇಳುತ್ತಿದ್ದರು. ಇಂಥವರೊಡನೆ ಸಹಕರಿಸಬೇಕೋ ಬೇಡವೋ ಎಂದು ಪಕ್ಷದ ಸಭೆ ಕರೆದರು. ಸಹಕರಿಸಿದರೆ ನೀರು ಬಂದ ಹೆಸರು ಅವರಿಗೆ ಹೋಗುತ್ತದೆ ಅಂದರು ಕೆಲವರು. ಸಹಕರಿಸದಿದ್ದರೆ ನೀರು ಬಾರದ ಹೆಸರು ನಮಗೆ ಬರುತ್ತದೆ ಅಂದರು ಮತ್ತೆ ಕೆಲವರು. ನೀರಿನ ಮಾತು ಇಷ್ಟೇ ಬಂದದ್ದು. ಮೂಲೆಯಲ್ಲಿ ನಿದ್ದೆ ಹೋಗಿದ್ದ ಹಿರಿಯರೊಬ್ಬರನ್ನು ಎಬ್ಬಿಸಿ ಕೇಳಿದಾಗ ಅವರು, ಸಹಕರಿಸಿ, ಆದರೆ ಅವನಿಗೆ ಬೆನ್ನು ತೋರಿಸಬೇಡಿ ಅಂದು ಮತ್ತೆ ಮಲಗಿದರು. ಅದೇ ನಿರ್ಣಯವಾಯಿತು.

ಆ ಹೊತ್ತಿಗೆ ಸರಿಯಾಗಿ ಅಧ್ಯಕ್ಷರ ಪಕ್ಷವೂ ಸಭೆ ಸೇರಿ ಅದೇ ನಿರ್ಣಯ ಮಾಡಿತ್ತು. ಅಲ್ಲೂ ಮೂಲೆಯಲ್ಲಿ ಒಬ್ಬ ಹಿರಿಯರು ಮಲಗಿದ್ದರು.

ಗೊತ್ತಾದ ದಿನ ಇಬ್ಬರೂ ಸಭಾಂಗಣದ ಬಾಗಿಲಿಗೆ ಬಂದರು. ಮೊದಲು ಒಳಗೆ ಹೋದವರ ಬೆನ್ನು ಹಿಂದೆ ನಿಂತವರಿಗೆ ಕಾಣುತ್ತದೆ. ಆದ್ದರಿಂದ ಅಧ್ಯಕ್ಷರು "ತಾವು ಮೊದಲು" ಅಂದರು. ಬೇಡಪ್ಪನವರು "ಎಲ್ಲಾದರೂ ಉಂಟೇ, ತಾವು ಮೊದಲು" ಅಂದರು. ಫೋಟೊದವರ ಕೈ ನೋಯುವ ತನಕ ಈ ಸೌಜನ್ಯ ನಡೆಯಿತು. ಕೊನೆಗೆ ಭುಜಕ್ಕೆ ಭುಜ ಕೊಟ್ಟು ಒಟ್ಟಿಗೇ ನುಗ್ಗುವುದೆಂದು ತೀರ್ಮಾನವಾಯಿತು. ಜೋಡಿ ಬಾಗಿಲಲ್ಲವೇ, ಅಡ್ಡಿಯಿಲ್ಲ ಎಂದು ಮೇಡಂ ಕಡತ ನೋಡಿ ಹೇಳಿದರು. ಇಬ್ಬರದ್ದೂ ಉಂಡು ಬೆಳೆಸಿದ ದೇಹ. ನುಗ್ಗಿದರು. ಚೌಕಟ್ಟು ಒಮ್ಮೆ ಕಿರ್ರೆಂದು ಸುಮ್ಮನಾಯಿತು.

ಹಿಂದಕ್ಕೆ ಬರೋಣವೆಂದರೆ, ಮೊದಲು ಹಿಂದೆ ಸರಿದವರು ಸಹಕಾರ ಮುರಿದ ಹಾಗೆ. ಮುಂದಕ್ಕೆ ಜಾಗವಿಲ್ಲ. ಉಳಿ ಮಾವನಿಗೆ ಕರೆ ಹೋಯಿತು.

ಅವನು ಗರಗಸ, ಉಳಿ, ಕೊಡತಿ ಎಲ್ಲ ತುಂಬಿಕೊಂಡು ಮದುವಣಿಗನ ಹಾಗೆ ಬಂದ. ಬರುವ ದಾರಿಯಲ್ಲೇ ಸಂಜೆಯೊಳಗೆ ನಲ್ಲಿಯಲ್ಲಿ ನೀರು ಬರುತ್ತದೆಂದು ಕೆಳಪೇಟೆಗೆಲ್ಲ ಹೇಳಿಯಾಗಿತ್ತು. ಸುಟ್ಟ ಯಂತ್ರದ ಹತ್ತಿರ ನಿಂತಿದ್ದ ಹಾಲಿನವಳು, "ಮಾವ ಹೇಳಿದ ಮೇಲೆ ನಾಳೆಯೊಳಗೆ ಸಮುದ್ರವೇ ಬರತ್ತೆ ಬಿಡಿ" ಅಂದಿದ್ದಳು.

"ಒಂದೇ ಏಟು ಮೇಡಂ," ಅಂದ ಉಳಿ ಮಾವ. "ಈ ಚೌಕಟ್ಟು ನನ್ನ ಮಾತು ಕೇಳತ್ತೆ."

"ಯಾವ ಕಡೆ ಕೊಯ್ತೀಯಪ್ಪ?"

"ಯಾವ ಕಡೆ ಆದ್ರೇನು?"

ಮೇಡಂ ಅವನನ್ನು ಮಗುವನ್ನು ನೋಡುವಂತೆ ನೋಡಿ ವಿವರಿಸಿದರು. ಅಧ್ಯಕ್ಷರ ಕಡೆ ಕೊಯ್ದರೆ ಸರ್ಕಾರ ತನಗೆ ಮೊದಲು ಜಾಗ ಮಾಡಿಕೊಂಡ ಹಾಗೆ. ನಾಯಕರ ಕಡೆ ಕೊಯ್ದರೆ ವಿರೋಧ ಪಕ್ಷ ಸರ್ಕಾರದಿಂದ ಉಪಕಾರ ಪಡೆದ ಹಾಗೆ. ಎರಡು ಕೈಯಲ್ಲಿ ಎರಡು ಗರಗಸ ಹಿಡಿದು ಎರಡೂ ಕಡೆ ಒಟ್ಟಿಗೇ ಕೊಯ್ಯುತ್ತೇನೆ, ಹಿಂದೊಮ್ಮೆ ಹೀಗೇ ಒಂದು ಹಡಗನ್ನು ಸೀಳಿದ್ದೆ ಅಂದ ಮಾವ. ಅದಕ್ಕೆ ಮೇಡಂ, ಬಾಗಿಲು ಸರ್ಕಾರದ ಸ್ವತ್ತು, ಅದನ್ನು ಕೊಯ್ಯಲು ಇಬ್ಬರ ರುಜು ಬೇಕು, ರುಜು ಒಳಗಿನ ಮೇಜಿನಲ್ಲೇ ಆಗಬೇಕು ಅಂದರು. ಮೇಲಾಗಿ ಜೋಡಿ ಬಾಗಿಲನ್ನು ಅಗಲ ಮಾಡುವ ಅಗತ್ಯವೇನು ಎಂದು ಯಾರಾದರೂ ವಿಚಾರಣೆ ಕೇಳಿದರೆ ಎಂದು ಮೆಲ್ಲಗೆ ಸೇರಿಸಿದರು. ಉಳಿ ಮಾವನ ಕಣ್ಣ ಮುಂದೆ ಅಡುಗೆಕೋಣೆಯ ಕಪಾಟು ಹಾದುಹೋಯಿತು. ಅವನು ಗರಗಸ ಕೆಳಗಿಟ್ಟ.

ಇನ್ನು ಉಳಿದದ್ದು ಒಂದೇ ದಾರಿ. ಇಬ್ಬರಲ್ಲಿ ಯಾರಾದರೊಬ್ಬರು ಹೊಟ್ಟೆಯನ್ನು ಒಂದಿಷ್ಟು ಒಳಗೆಳೆದುಕೊಂಡರೆ ಸಾಕಿತ್ತು. ಮಾವ ಕೈಮುಗಿದು ಬೇಡಪ್ಪನವರ ಮುಂದೆ ನಿಂತ. "ಸಾಮಿ, ಮಗಳಿಗೆ ದಿನ ತುಂಬಿದೆ. ಮನೇಲಿ ಹನಿ ನೀರಿಲ್ಲ. ಒಂದುಸಿರು ಒಳಗೆಳ್ಕೊಳ್ಳಿ, ಅಷ್ಟೇ."

ಬೇಡಪ್ಪನವರ ಕಣ್ಣು ತುಂಬಿತು. ಅವರು ಕಟುಕರಲ್ಲ. "ನಿನ್ನ ಮಗಳು ನನ್ನ ಮಗಳಿದ್ದ ಹಾಗೆ ಕಣಯ್ಯ. ಆದರೆ ಈ ಹೊಟ್ಟೆ ನನ್ನದಲ್ಲ. ಪಕ್ಷದ್ದು."

"ನನ್ನದು ರಾಷ್ಟ್ರದ್ದು," ಅಂದರು ಪಕ್ಕದಿಂದ ಅಧ್ಯಕ್ಷರು.

ಅಲ್ಲಿಂದ ಮುಂದೆ ಆಡಳಿತ ಸುಗಮವಾಗಿ ನಡೆಯಿತು. ಬಾಗಿಲು ತುಂಬಿದ್ದರಿಂದ ಮಂತ್ರಿಗಳು ಸಭಾಂಗಣಕ್ಕೆ ಹಿಂಬದಿಯ ಕಿಟಕಿಯಿಂದ ಹತ್ತಿಳಿಯಬೇಕಾಯಿತು. ಕಿಟಕಿ ಪ್ರವೇಶ ನಿಯಮಾವಳಿ ಹೊರಟಿತು: ಹತ್ತುವವರು ಇಳಿಯುವವರಿಗೆ ದಾರಿ ಬಿಡತಕ್ಕದ್ದು, ಪಂಚೆ ಉಟ್ಟವರು ಕೆಳಗೆ ಯಾರೂ ಇಲ್ಲದಾಗ ಹತ್ತತಕ್ಕದ್ದು, ಕಿಟಕಿಯಿಂದ ಬಿದ್ದವರು ರಾಜೀನಾಮೆ ಕೊಟ್ಟವರೆಂದು ಭಾವಿಸಲಾಗುವುದು. ರುಜುವಿನ ಕಾಗದವನ್ನು ಒಳಗಿಂದ ಬಾಗಿಲಲ್ಲಿದ್ದ ಇಬ್ಬರ ಮುಂದೆಯೇ ಹಿಡಿದರಾಗದೇ ಎಂದು ಒಬ್ಬ ಹೊಸ ಗುಮಾಸ್ತ ಕೇಳಿದ. ನಿಂತು ಹಾಕಿದ ರುಜುವಿಗೆ ಆಸನವಿಲ್ಲದ್ದರಿಂದ ಅದು ಊರ್ಜಿತವಲ್ಲ ಎಂದು ಹೇಳಿ ಅವನನ್ನು ಸಮುದ್ರದ ದೀಪಸ್ತಂಭಕ್ಕೆ ವರ್ಗ ಮಾಡಲಾಯಿತು.

ಕಿಟಕಿಗೆ ಏಣಿ ಬೇಕಲ್ಲ, ಉಳಿ ಮಾವ ಮಾಡಿದ. ಇಬ್ಬರ ಮೊಣಕೈಗೆ ಆಸರೆ ಬೇಕು, ಮಾಡಿದ. ಗಲ್ಲಕ್ಕೆ ಹಲಗೆ, ಬೆನ್ನಿಗೆ ದಿಂಬಿನ ಪಟ್ಟಿ, ನಿಂತಲ್ಲೇ ಒರಗಿ ನಿದ್ದೆ ಮಾಡಲು ಕಮಾನು. ಏಣಿಯ ಮೇಲೆ ನಿಂತ ಮಂತ್ರಿಯೊಬ್ಬರು ಕೆಳಗಿಳಿಯಲು ಮನಸ್ಸಿಲ್ಲದೆ ಎರಡು ದಿನ ಅಲ್ಲೇ ಖಾತೆ ನಡೆಸಿದರು, ಅಷ್ಟು ಚಂದದ ಏಣಿ. ಬೇಗನೆ ಅವನನ್ನು ಸಹಕಾರ ಸಂರಕ್ಷಣಾಧಿಕಾರಿ ಎಂದು ನೇಮಿಸಿ, ಮೇಲುಪೇಟೆಯಲ್ಲಿ ಸರ್ಕಾರಿ ಮನೆ ಕೊಟ್ಟರು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಹೆಂಡತಿ ಮೊದಲ ದಿನ ಅದನ್ನು ತಿರುಗಿಸುವುದು, ನಿಲ್ಲಿಸುವುದು, ಇಷ್ಟನ್ನೇ ಮಾಡಿದಳು. ಮಗಳಿಗೆ ಗಂಡುಮಗು ಆಯಿತು, ಬಿಸಿನೀರು ಬೇಕಾದಷ್ಟಿತ್ತು. ಕಪಾಟನ್ನೂ ಅವರು ಸಾಗಿಸಿಕೊಂಡು ಬಂದಿದ್ದರು.

ಕೆಳಪೇಟೆಯವರು ಒಂದು ಸಲ ಅವನ ಬಾಗಿಲಿಗೆ ಬಂದರು. ಮುಂದೆ ನಿಂತ ಹಾಲಿನವಳು, "ಗರಗಸ ಇನ್ನೂ ಇದೆಯಾ ಮಾವ, ಅಥವಾ ಅದಕ್ಕೂ ಸರ್ಕಾರಿ ಮನೆ ಸಿಕ್ಕಿತಾ?" ಅಂದಳು. ಮಾವ ಎಲ್ಲರಿಗೂ ಒಂದೊಂದು ಲೋಟ ನೀರು ಕೊಟ್ಟು, ಸಹಕಾರ ಅನ್ನುವುದು ಸೂಕ್ಷ್ಮ ವಿಷಯ, ಮರ ಕೊಯ್ದ ಹಾಗಲ್ಲ ಎಂದು ತಿಳಿಹೇಳಿದ. ನೀರು ಕುಡಿದು ಅವರು ಹೊರಟರು.

ಇಷ್ಟರಲ್ಲಿ ಯಾರೂ ಎಣಿಸದ ಒಂದು ತೊಡಕು ಬಂತು. ಭವನದ ಅಡುಗೆಯನ್ನು ಬೇಡಪ್ಪನವರು ನಂಬುತ್ತಿರಲಿಲ್ಲ, ಬೇಡಪ್ಪನವರ ಜನ ಓಡಾಡುವ ಅಡುಗೆಮನೆಯನ್ನು ಅಧ್ಯಕ್ಷರು ನಂಬುತ್ತಿರಲಿಲ್ಲ. ಹಾಗಾಗಿ ಇಬ್ಬರೂ ರುಚಿ ನೋಡುವವರನ್ನು ಇಟ್ಟುಕೊಂಡಿದ್ದರು. ಅವರು ಕರ್ತವ್ಯನಿಷ್ಠರು, ತಟ್ಟೆಯ ತಳದ ತನಕ ನೋಡುತ್ತಿದ್ದರು. ರುಚಿ ನೋಡುವವರು ದಪ್ಪಗಾದರು, ನಾಯಕರು ಸೊರಗಿದರು.

ಒಂದು ಮಧ್ಯಾಹ್ನ ಮೊಣಕೈಯ ಆಸರೆಗೆ ಮೆರುಗು ಹಚ್ಚುತ್ತಿದ್ದ ಉಳಿ ಮಾವನ ಕೈ ನಿಂತಿತು. ಅಧ್ಯಕ್ಷರ ಭುಜಕ್ಕೂ ಚೌಕಟ್ಟಿಗೂ ನಡುವೆ ಬೆಳಕು ಕಂಡಿತು. ಆಚೆ ಬಂದು ನೋಡಿದ. ಬೇಡಪ್ಪನವರ ಕಡೆಯೂ ಬೆರಳು ಆಡಿಸುವಷ್ಟು ಸಂದು. ಇಬ್ಬರೂ ಒಂದು ಹೆಜ್ಜೆ ಇಟ್ಟರೆ ಒಳಗೆ. ಮೇಜಿದೆ, ಲೇಖನಿ ಇದೆ. ಸಂಜೆಯೊಳಗೆ ಕೆಳಪೇಟೆಗೆ ನೀರು.

ಆಮೇಲೆ ಸಹಕಾರವಿಲ್ಲ, ಸಂರಕ್ಷಣಾಧಿಕಾರಿಯೂ ಇಲ್ಲ. ಮೂರನೆಯ ಮಹಡಿ, ಬಿಂದಿಗೆ, ಮೆಟ್ಟಿಲು. ಆಗ ಅಲ್ಲಿಯ ನಲ್ಲಿಯಲ್ಲೂ ನೀರು ಬರುತ್ತದಲ್ಲ ಎಂದು ಮನಸ್ಸು ಒಂದು ಕ್ಷಣ ಹೇಳಿತು. ಬಂದರೂ ಅದು ಎಲ್ಲರಿಗೂ ಬರುವ ನೀರು ಎಂದು ಅದೇ ಮನಸ್ಸು ತಿದ್ದಿಕೊಂಡಿತು.

ಅವನು ತಲೆಯೆತ್ತಿದ. ಅಧ್ಯಕ್ಷರು ಅವನನ್ನೇ ನೋಡುತ್ತಿದ್ದರು. ಬೇಡಪ್ಪನವರೂ ನೋಡುತ್ತಿದ್ದರು. ಸಡಿಲವಾದದ್ದು ಅವರಿಬ್ಬರಿಗೂ ಎಂದೋ ಗೊತ್ತಾಗಿತ್ತು. ಬಾಗಿಲಿನಿಂದ ಬಿಡಿಸಿಕೊಂಡರೆ ಆಳಬೇಕು, ಇಲ್ಲವೇ ವಿರೋಧಿಸಬೇಕು. ಎರಡೂ ಮೈಮುರಿಯುವ ಕೆಲಸ. ಇಲ್ಲಿ ಬರೀ ನಿಂತರಾಯಿತು.

ಉಳಿ ಮಾವ ಮನೆಗೆ ಹೋಗಿ ಕಪಾಟಿನ ಕದ ಕಳಚಿ, ಅದರಿಂದ ಅಳತೆಗೆ ಸರಿಯಾಗಿ ಬೆಣೆಗಳನ್ನು ಸೀಳಿ ತಂದ. ಅಧ್ಯಕ್ಷರ ಪಕ್ಕ ಒಂದು ಕೂರಿಸಿ ಕೊಡತಿಯಿಂದ ಮೆಲ್ಲಗೆ ತಟ್ಟಿದ.

"ಬಿಗಿಯಾಯ್ತಾ?" ಎಂದು ಬೇಡಪ್ಪನವರು ಪಿಸುಗುಟ್ಟಿದರು.

"ಆಯ್ತು," ಅಂದರು ಅಧ್ಯಕ್ಷರು. "ಪಾಪ, ಇವರ ಕಡೆಗೂ ಒಂದು ಹೊಡಿ."

ಒಬ್ಬರ ಅನುಕೂಲವನ್ನು ಇನ್ನೊಬ್ಬರು ವಿಚಾರಿಸಿದ್ದು ಅವರ ರಾಜಕೀಯ ಜೀವನದಲ್ಲೇ ಅದು ಮೊದಲು. ಮೇಡಂ ಪಕ್ಕದಲ್ಲೇ ಇದ್ದು ಎಲ್ಲ ನೋಡಿದರು. ಆ ತೇಗ ಎಲ್ಲಿಯದೆಂದು ಅವರಿಗೂ ಗುರುತು ಸಿಕ್ಕಿತು. 'ಜೋಡಿ ಬಾಗಿಲಿನ ಎರಡನೆಯ ಕದ ಸ್ವಸ್ಥಾನ ಸೇರಿದೆ. ಸಹಕಾರ ಬಿಗಿಯಾಗಿದೆ' ಎಂದು ಷರಾ ಬರೆದರು. ಮೊದಲ ಬಾರಿಗೆ ಅವರ ಷರಾದಲ್ಲಿ ಸುಳ್ಳಿರಲಿಲ್ಲ.

ಈಗ ಕೆಳಪೇಟೆಯವರಿಗೂ ಅನುಕೂಲವಾಗಿದೆ. ಅಹವಾಲು ಹೇಳಲು ಬಂದವರು ಕಿಟಕಿ ಹತ್ತಿ ಒಳಗೆ ಬಂದು, ಸಹಕಾರವನ್ನು ಕಣ್ಣಾರೆ ನೋಡಿ, ಹೋಗುವಾಗ ಭವನದ ನಲ್ಲಿಯಿಂದ ಒಂದು ಕೊಡ ನೀರು ಒಯ್ಯಬಹುದೆಂದು ಆದೇಶವಾಗಿದೆ. ಅಹವಾಲು ಏನೆಂದು ಕೇಳಿದರೆ ಎಲ್ಲರೂ ನೀರಿಲ್ಲ ಅನ್ನುತ್ತಾರೆ, ತುಂಬಿಸಿಕೊಂಡು ಹೋಗುತ್ತಾರೆ. ಹಾಲಿನವಳು ಮೊನ್ನೆ ತಲೆಯ ಮೇಲೆ ಕೊಡ ಇಟ್ಟುಕೊಂಡು ಇಳಿಯುತ್ತಾ, "ಏಣಿ ಮಾತ್ರ ಒಳ್ಳೇ ಹದವಾಗಿದೆ ಮಾವ," ಅಂದಳು. ಗರಗಸದ ಮಾತೆತ್ತಲಿಲ್ಲ.

ಮನೆಯಲ್ಲೊಂದು ಸಣ್ಣ ತಕರಾರು ಉಳಿಯಿತು. ಕಪಾಟಿಗೆ ಕದವಿಲ್ಲದ್ದರಿಂದ ಬೆಕ್ಕು ದಿನಾ ಹಾಲಿಗೆ ಬಾಯಿ ಹಾಕತೊಡಗಿತು.

"ಬೇರೆ ಕದ ಮಾಡಿ ಹಾಕಿ, ಇಲ್ಲ ಬೆಕ್ಕನ್ನು ಓಡಿಸಿ," ಅಂದಳು ಹೆಂಡತಿ. "ಇದನ್ನು ನಂಬಿಕೊಂಡು ನಾನು ಅಡುಗೆ ಮಾಡೋದು ಹೇಗೆ?"

"ನಂಬು ಅಂತ ಯಾರು ಹೇಳಿದ್ರು," ಅಂದ ಸಂರಕ್ಷಣಾಧಿಕಾರಿ, ಮೊಮ್ಮಗನ ಕಾಲಿಗೆ ನಲ್ಲಿ ನೀರು ಬಿಡುತ್ತಾ. "ಸಹಕರಿಸು. ಬೆನ್ನು ಮಾತ್ರ ತೋರಿಸಬೇಡ."

ಅಂದಿನಿಂದ ಅವಳು ಕಪಾಟಿಗೆ ಮುಖ ಮಾಡಿ, ಒಲೆಗೆ ಬೆನ್ನು ಹಾಕಿಯೇ ಅಡುಗೆ ಮಾಡುತ್ತಾಳೆ. ಬೆಕ್ಕೂ ಅವಳ ಮೇಲೆ ಕಣ್ಣಿಟ್ಟುಕೊಂಡೇ ಹಾಲು ಕುಡಿಯುತ್ತದೆ. ಸಾರು ದಿನಾ ಸೀಯುತ್ತದೆ. ರೂಢಿಯಾಗಿದೆ.