ಡಾಕ್ಟರಿಗೆ ಬೇಸರ ಆಗಬಾರದಲ್ಲ!

ಮನಸ್ಸಿನ ಕಾಯಿಲೆಗೆ ಮಾತಿನಿಂದಲೇ ಚಿಕಿತ್ಸೆ ಕೊಡುವ ಡಾಕ್ಟರನಾಗಿ ಎಪ್ಪತ್ತರ ದಶಕದ ಕೊನೆಗೆ ಪುತ್ತೂರಿಗೆ ಬಂದವನು ನಾನು. ಚಿಕಿತ್ಸೆ ಹಿಡಿಸದಿದ್ದಾಗ ಜನ ಬೈದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ನಮ್ಮ ಕಡೆಯವರು ಬೈಯುವುದಿಲ್ಲ, ಮರ್ಯಾದೆ ಕೊಟ್ಟೇ ಮಾನ ತೆಗೆಯುತ್ತಾರೆ. ಇದು ಒಂದೆರಡು ಸಲ ಆದದ್ದೂ ಅಲ್ಲ.

ಇಂಜೆಕ್ಷನ್

ಕುಂಬ್ರದ ಕೃಷಿಕರೊಬ್ಬರಿಗೆ ಕಾರಣವಿಲ್ಲದೆ ಎದೆ ಡವಡವ. ನಾಲ್ಕು ವಾರ ಅವರ ಮಾತು ಕೇಳಿದೆ. ಐದನೆಯ ವಾರ ಅಂಗಿಯ ತೋಳು ಮಡಚಿ ಕೂತರು.

"ಇವತ್ತಾದ್ರೂ ಒಂದು ಇಂಜೆಕ್ಷನ್ ಕೊಡಿ ಡಾಕ್ಟ್ರೆ."

"ನಿಮಗೆ ಮಾತೇ ಮದ್ದು," ಎಂದೆ.

"ಮಾತಾಡಿದ್ದು ನಾನಲ್ವಾ ಮಾರಾಯ್ರೆ? ಹಾಗಾದ್ರೆ ಮದ್ದು ಕುಡಿದದ್ದು ನೀವು!"

ಹೊಗಳಿಕೆ

ಸುಳ್ಯದ ಮೇಷ್ಟ್ರೊಬ್ಬರು ಮೊದಲ ದಿನವೇ, "ನಿಮ್ಮಂಥವರು ಸಿಕ್ಕಿದ್ದು ನನ್ನ ಪುಣ್ಯ," ಎಂದು ಕೈಮುಗಿದು ಹೋದವರು ಮತ್ತೆ ಬರಲಿಲ್ಲ. ಆರು ತಿಂಗಳ ಮೇಲೆ ಜಾಲ್ಸೂರಿನಲ್ಲಿ ನನ್ನನ್ನು ಕಂಡು, ನಿಂತಿದ್ದ ಬಸ್ಸಿಗೆ ಓಡಿ ಹತ್ತಿದರು. ಅದು ಸುಳ್ಯಕ್ಕಲ್ಲ, ಕಾಸರಗೋಡಿಗೆ ಹೋಗುವ ಬಸ್ಸಾಗಿತ್ತು.

ಮನೆಗೊಬ್ಬರು

ಕಡಬದ ಕಡೆಯ ಒಬ್ಬಳು ಸೊಸೆ. ಹುಟ್ಟಿದ ಮಗು ಮೂರೇ ದಿನಕ್ಕೆ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದಳು, ಊಟ ಹೆಸರಿಗೆ ಮಾತ್ರ. ನಾನು ಮಾತಾಡಿಸಿದಷ್ಟೂ ನೆಲ ನೋಡುತ್ತಿದ್ದಳು. ಹೀಗೇ ಆದರೆ ಇವಳು ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ನಾಲ್ಕನೆಯ ಗುರುವಾರ ಅವಳ ಬದಲು ಅತ್ತೆ ಬಂದರು. "ಅವಳಿಗೆ ಇಲ್ಲಿಗೆ ಬರುದೇ ಬೇಡ್ವಂತೆ. ನೀವು ಹೇಳಿದ ಮೇಲೆ ಯಾರೂ ಬರದಿದ್ರೆ ನಿಮಗೆ ಬೇಸರ ಅಲ್ವಾ? ಮದುವೆಗೆ ಮನೆಗೊಬ್ಬರು ಹೋಗುದಿಲ್ವಾ, ಹಾಗೆ ನಾನು ಬಂದೆ."

ಕೂತವರು ಒಂದು ಗಂಟೆ ಬಾಯಿ ಮುಚ್ಚಲಿಲ್ಲ. ಸೊಸೆ ಬಸುರಿಯಾಗಿದ್ದಾಗ ಏನು ತಿನ್ನಬೇಕಿತ್ತು, ಹೇಗೆ ಮಲಗಬೇಕಿತ್ತು, ಯಾರ ದೃಷ್ಟಿ ತಾಗಿತು, ಎಲ್ಲ ಹೇಳಿದರು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಗುವನ್ನು ನಾನು ಎತ್ತಿಕೊಂಡದ್ದು ಒಂದೇ ಸಲ," ಎಂದರು. ಅಲ್ಲಿಂದ ಮುಂದೆ ಪ್ರತಿ ಗುರುವಾರ ಅವರೇ ಬರತೊಡಗಿದರು.

ಎರಡು ತಿಂಗಳ ಮೇಲೆ ಒಂದು ಶನಿವಾರ ಸೊಸೆ ಬಂದಳು, ಗಂಡನನ್ನು ಹೊರಗೇ ಕೂರಿಸಿ. ಮುಖಕ್ಕೆ ಕಳೆ ಬಂದಿತ್ತು.

"ಗುರುವಾರ ಅತ್ತೆ ಇಲ್ಲಿಗೆ, ಇವರು ಕೆಲಸಕ್ಕೆ. ಮನೆಯಲ್ಲಿ ನಾನೊಬ್ಳೇ ಇರುದು ಡಾಕ್ಟ್ರೆ. ಮಗುವನ್ನು ನೆನೆಸಿ ಬಾಯಿಬಿಟ್ಟು ಅಳ್ತೇನೆ. ಅತ್ತು ಮುಗಿದ ಮೇಲೆ ಹಸಿವಾಗ್ತದೆ. ಊಟ ಮಾಡ್ತೇನೆ."

ಮೂರು ವಾರ ಅವಳನ್ನು ಮಾತಿಗೆಳೆಯಲು ಹೆಣಗಿದ ನನಗೆ ನಾಚಿಕೆಯಾಯಿತು. ಸಂತೋಷವೂ ಆಯಿತು. "ಒಳ್ಳೆಯದಾಯ್ತಮ್ಮ. ಇನ್ನು ಅತ್ತೆಯವರು ಬರುವುದು ಬೇಡ," ಎಂದೆ.

ಅವಳು ಗಾಬರಿಯಿಂದ ಎದ್ದು ನಿಂತಳು.

"ಅಯ್ಯೋ, ಅದೊಂದು ಹೇಳ್ಬೇಡಿ! ಅವರ ಹತ್ರ ಸೋಮವಾರವೂ ಬರ್ಲಿಕ್ಕೆ ಹೇಳಿ ಡಾಕ್ಟ್ರೆ."