ಸ್ವಿಚ್ಚಿನ ಅರ್ಧ ನಿಮಿಷ

ಕಚೇರಿಯಲ್ಲಿ ಒಂದು ಯಂತ್ರವನ್ನು ಅಕಸ್ಮಾತ್ತಾಗಿ ಸರಿಪಡಿಸಿದವನ ಕೊರಳಿಗೆ ಮಿಕ್ಕ ಯಂತ್ರಗಳೆಲ್ಲ ತಾವಾಗಿ ಬಂದು ಬೀಳುತ್ತವೆ. ಶಿವಾಜಿನಗರದ ಸಂಜೆ ಪತ್ರಿಕೆಯೊಂದರಲ್ಲಿ ನಾನು ಉಪಸಂಪಾದಕ. ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಹರಿಯದಂತೆ ಎಳೆದದ್ದೇ ಅರ್ಹತೆಯಾಗಿ, ಎರಡು ಸಾವಿರದ ಇಸವಿಯ ಆಚೀಚೆ ಕಚೇರಿಗೆ ಕಂಪ್ಯೂಟರ್ ಜಾಲ ಬಂದಾಗ ಅದರ ಉಸ್ತುವಾರಿಯೂ ನನಗೇ ಬಂತು. ಜೋಗುಪಾಳ್ಯದ ಮಹಡಿ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಮನೆಗೆ ಹೋಗುವ ಆತುರವೇನು ಎಂಬುದು ಸಂಪಾದಕರ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಯೋಚಿಸಿ ಹೇಳುತ್ತೇನೆ ಎಂದಿದ್ದೆ. ನಾನು ಯೋಚಿಸಿ ಮುಗಿಸುವಷ್ಟರಲ್ಲಿ ಆ ಹುಡುಗಿಯರ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಸ್ವಿಚ್ಚು ಎಂದರೆ ಇಲ್ಲಿ ದೀಪದ್ದಲ್ಲ. ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ವರದಿಗಾರರ ಕೋಣೆಯಲ್ಲೊಂದು, ಪುಟ ಕಟ್ಟುವ ಕೋಣೆಯಲ್ಲೊಂದು ಇದ್ದವು. ಒಂದು ತಂತಿ ಕೆಟ್ಟರೆ ಇನ್ನೊಂದಿರಲಿ ಎಂದು ಅವುಗಳ ನಡುವೆ ಎರಡು ತಂತಿ ಎಳೆದಿದ್ದರು. ಆದರೆ ಎರಡೂ ಒಟ್ಟಿಗೆ ತೆರೆದರೆ ಸಂದೇಶಗಳು ಗಾಣದೆತ್ತಿನಂತೆ ಅಲ್ಲಲ್ಲೇ ಸುತ್ತಿ ಜಾಲವೇ ಸ್ತಬ್ಧವಾಗುತ್ತದೆ. ಅದಕ್ಕೇ ಸ್ಪ್ಯಾನಿಂಗ್ ಟ್ರೀ ಎಂಬ ಏರ್ಪಾಡು ಒಂದನ್ನು ಮುಚ್ಚಿಟ್ಟಿರುತ್ತದೆ. ಒಂದು ಪೆಟ್ಟಿಗೆ ಇನ್ನೊಂದಕ್ಕೆ ಎರಡು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನುತ್ತದೆ. ಸ್ವಲ್ಪ ಹೊತ್ತು ಆ ಮಾತು ಕೇಳಿಸದಿದ್ದರೆ, ಆ ಕಡೆಯ ದಾರಿ ಹೋಯಿತೆಂದು ಲೆಕ್ಕ. ಮುಚ್ಚಿದ್ದ ತಂತಿ ತೆರೆದುಕೊಳ್ಳುತ್ತದೆ. ಹೊಸದಾಗಿ ಯಾವ ಕಂಪ್ಯೂಟರು ಆನ್ ಆದರೂ ಪೆಟ್ಟಿಗೆ ಕಾಲು ನಿಮಿಷ ಕೇಳಿಸಿಕೊಂಡು, ಕಾಲು ನಿಮಿಷ ಕಲಿತು, ಆಮೇಲಷ್ಟೇ ಅದಕ್ಕೆ ದಾರಿ ಬಿಡುತ್ತದೆ. ಊಟದ ತಟ್ಟೆಯ ಪಕ್ಕ ಕೈಪಿಡಿಯನ್ನಿಟ್ಟುಕೊಂಡು ಇದನ್ನೆಲ್ಲ ಓದಿದೆ. ಎರಡು ಸೆಕೆಂಡಿಗೊಮ್ಮೆ ಮಾತಾಡಿಸುವವರಿದ್ದಾರಲ್ಲ ಎಂದು ಆ ಪೆಟ್ಟಿಗೆಯ ಮೇಲೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

ನನಗೂ ಒಬ್ಬರಿದ್ದರು. ಪುಟ ಕಟ್ಟುತ್ತಿದ್ದ ಇಮ್ತಿಯಾಜ್ ಸಾಹೇಬರು. ದಿನವೂ ಬಂದು ಕನ್ನಡಕ ಒರೆಸುತ್ತಾ, “ಊಟ ಆಯ್ತಾ ಸ್ವಾಮಿ?” ಎನ್ನುತ್ತಿದ್ದರು. ಬೆಳಗಿನ ಒಂಬತ್ತಕ್ಕೆ ಯಾರ ಊಟ ಆಗಿರುತ್ತದೆ? ಈ ಊರಿನಲ್ಲಿ ಅದು ಊಟದ ಪ್ರಶ್ನೆಯೇ ಅಲ್ಲ. ಇದ್ದೀರಲ್ಲ, ಸರಿ, ಎಂದರ್ಥ. ಜಾಲ ಬರುವ ಹೊತ್ತಿಗೆ ಅವರು ನಿವೃತ್ತರಾದರು. ಬರ್ತಾ ಇರ್ತೀನಿ ಎಂದು ಹೋದವರು ಬರಲಿಲ್ಲ. ಅವರ ಮನೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ನಡೆದೇ ಹೋಗುವಷ್ಟು ಹತ್ತಿರ. ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಮನೆಯವರಿಗೆ ನಾನೇಕೆ ನೆನಪಾಗಬೇಕು ಎಂದುಕೊಂಡೆ. ಆ ಕಡೆಯ ದಾರಿ ಹೋಯಿತೆಂದು ಲೆಕ್ಕ ಹಾಕಿ, ಇಬ್ಬರೂ ಕೂಡಿ ಬಿಚ್ಚುತ್ತಿದ್ದ ಬುತ್ತಿಯನ್ನು ಒಬ್ಬನೇ ಬಿಚ್ಚತೊಡಗಿದೆ. ಕೆಲವು ದಿನ ಬಿಚ್ಚುತ್ತಲೂ ಇರಲಿಲ್ಲ.

ಹೀಗಿರುವಾಗ ಮುಖ್ಯ ವರದಿಗಾರ ನಾಗರಾಜ್ ಬಂದು ನಿಂತ. “ಗುರು, ಮೆಷಿನ್ ಆನ್ ಮಾಡಿದ್ರೆ ಅರ್ಧ ನಿಮಿಷ ಸುಮ್ನೆ ಕೂತಿರುತ್ತೆ. ಏನು, ನಮ್ ಜಾತಕ ನೋಡುತ್ತಾ?”

ಮಧ್ಯಾಹ್ನ ಅಚ್ಚಿಗೆ ಹೋಗುವ ಪತ್ರಿಕೆಯಲ್ಲಿ ಅರ್ಧ ನಿಮಿಷ ಎಂದರೆ ಆಸ್ತಿ. ಕೈಪಿಡಿ ಬೇಡವೆಂದರೂ ಪೆಟ್ಟಿಗೆ ಕಾಯುವ ಎಲ್ಲ ಅವಧಿಗಳನ್ನೂ ಸಾಧ್ಯವಾದಷ್ಟು ಇಳಿಸಿಬಿಟ್ಟೆ. ಎರಡು ದಿನ ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆದರು. ಕಚೇರಿಯಲ್ಲಿ ನನಗೆ ಅದೇ ಸನ್ಮಾನ. ಮೂರನೆಯ ದಿನ ಹಲಸೂರಿನ ಮೆರವಣಿಗೆಯ ಫೋಟೊಗಳನ್ನು ನಾಲ್ಕು ಮಂದಿ ಒಟ್ಟಿಗೆ ಪುಟದ ಕೋಣೆಗೆ ತಳ್ಳಿದರು. ಆ ನೂಕುನುಗ್ಗಲಿನಲ್ಲಿ ‘ಇದ್ದೇನೆ’ ಎಂಬ ಸಣ್ಣ ಮಾತು ದಾಟಲಿಲ್ಲ. ನಾನು ತಾಳ್ಮೆ ಕಿತ್ತುಕೊಂಡಿದ್ದ ಪೆಟ್ಟಿಗೆ, ಆ ಕಡೆ ಯಾರೂ ಇಲ್ಲವೆಂದು ತೀರ್ಮಾನಿಸಿ ಎರಡನೆಯ ತಂತಿಯನ್ನೂ ತೆರೆಯಿತು. ಪೆಟ್ಟಿಗೆಗಳ ದೀಪಗಳೆಲ್ಲ ಹುಚ್ಚೆದ್ದು ಮಿನುಗಿದವು, ಪುಟಗಳು ಇದ್ದಲ್ಲೇ ನಿಂತವು. ಒಂದು ತಂತಿಯನ್ನು ಕಿತ್ತೆಸೆದ ಮೇಲೆ ಜಾಲ ಉಸಿರಾಡಿತು. ಪತ್ರಿಕೆ ತಡವಾಯಿತು; ಬಸ್ ನಿಲ್ದಾಣದ ಮಾರಾಟಗಾರರು ಸಂಪಾದಕರಿಗೆ ಹೇಳಿದ್ದನ್ನು ಸಂಪಾದಕರು ಮತ್ತಷ್ಟು ಸೇರಿಸಿ ನನಗೆ ಹೇಳಿದರು. ಅವಧಿಗಳನ್ನು ಮೊದಲಿನಂತೆ ಮಾಡಿದೆ. ಜಾತಕ ನೋಡ್ಕೊಳ್ಲಿ ಬಿಡು ಗುರು ಎಂದ ನಾಗರಾಜ್.

ಆದರೆ ನನ್ನ ತಲೆಯಲ್ಲಿ ಒಂದೇ ವಿಷಯ ಕೂತಿತ್ತು. ಆ ಕಡೆಯ ಪೆಟ್ಟಿಗೆ ಸತ್ತಿರಲಿಲ್ಲ. ಅದರ ಮಾತು ತಲುಪಿರಲಿಲ್ಲ, ಅಷ್ಟೆ. ಮರುದಿನ ಮಧ್ಯಾಹ್ನ ಎದ್ದು ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ನಡೆದೆ.

ಸಾಹೇಬರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ಮಕ್ಕಳು ಅಂಗಡಿಗೆ, ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು. ಮಡಿಲಲ್ಲಿ ನಮ್ಮ ಪತ್ರಿಕೆ, ನಿನ್ನೆಯದು. ನನ್ನನ್ನು ನೋಡಿ ಕನ್ನಡಕ ತೆಗೆದು ಒರೆಸಿದರು.

“ಊಟ ಆಯ್ತಾ ಸ್ವಾಮಿ?”

ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಾ ನಿಂತೆ. ಅವರೇ ಮುಂದುವರಿಸಿದರು: “ನಿಮ್ದು ಪೇಪರ್ ಕೆಲ್ಸ. ಡಿಸ್ಟರ್ಬ್ ಯಾಕೆ ಅಂತ ನಾನೇ ಬರ್ಲಿಲ್ಲ.” ನಾನು ಇನ್ನೂ ನಿಂತೇ ಇದ್ದೆ. ಸಾಹೇಬರು ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: “ಖಾನಾ ಲಗಾವ್ ಜೀ. ಇನೋ ಜವಾಬ್ ದೇನೇ ತಕ್ ಥಂಡಾ ಹೋಜಾತಾ.” ಬಡಿಸಿಬಿಡು, ಇವರು ಉತ್ತರ ಕೊಡುವಷ್ಟರಲ್ಲಿ ಆರಿಹೋಗುತ್ತದೆ, ಎಂದು. ಅಷ್ಟು ವರ್ಷ ಪಕ್ಕದಲ್ಲಿ ಕೂತವರು. ನನ್ನ ಅವಧಿಗಳನ್ನು ಇಳಿಸಲು ಬರುವುದಿಲ್ಲವೆಂದು ಅವರಿಗೆ ಯಾವ ಕೈಪಿಡಿಯೂ ಹೇಳಿಕೊಡಬೇಕಿರಲಿಲ್ಲ.

“ಇಲ್ಲ ಸಾಹೇಬ್ರೇ, ಇನ್ನೂ ಆಗಿಲ್ಲ” ಎಂಬ ಉತ್ತರ ನನ್ನ ನಾಲಿಗೆಗೆ ಬರುವ ಹೊತ್ತಿಗೆ ನಾನು ಅವರ ಮನೆಯ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ, ಎರಡು ಸಲ ಬಡಿಸಿಕೊಂಡು ಉಂಡು.