ಮೈಸೂರಿನ ಖೋಲಿಗೊಂದು ಮೊಳಕೆ ಪರೀಕ್ಷೆ

ಹೊಸ ಜಾಗದಲ್ಲಿ ನಿದ್ದೆ ಬರುವುದಿಲ್ಲ ಎನ್ನುವವರನ್ನು ನೀವು ಕಂಡಿರಬಹುದು. ನನಗೆ ಹೊಸ ಜಾಗಕ್ಕೆ ಹೋಗುವ ಮೊದಲೇ ನಿದ್ದೆ ಬರುವುದಿಲ್ಲ. ಅಲ್ಲಿಯ ದಿಂಬು ಎಷ್ಟು ಎತ್ತರ, ಫ್ಯಾನು ಗರಗರ ಅನ್ನುತ್ತದೆಯೋ ಹೇಗೆ, ಬಕೆಟ್ಟಿಗೆ ಹಿಡಿಕೆ ಇದೆಯೋ ಇಲ್ಲವೋ, ಇವೆಲ್ಲ ನಮ್ಮ ಮನೆಯ ಹಾಸಿಗೆಯಲ್ಲೇ ನನ್ನನ್ನು ಹೊರಳಾಡಿಸುತ್ತವೆ. ಇದಕ್ಕೆ ಸ್ವಭಾವ ಕಾರಣವೋ ಉದ್ಯೋಗ ಕಾರಣವೋ ತಿಳಿಯದು. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವವಳು. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ, ಬೆಚ್ಚಗಿನ ಕೋಣೆಯಲ್ಲಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ, ನೂರಕ್ಕೆ ಎಷ್ಟು ಮೊಳೆತವು, ಎಷ್ಟು ಸತ್ತವು, ಎಷ್ಟು ಮೊಳೆತರೂ ಸೊಟ್ಟಗಿವೆ ಎಂದು ಬರೆದಿಡುವುದು ನನ್ನ ಕೆಲಸ. ಪಾಕೀಟಿನ ಮೇಲಿನ ಟೊಮೆಟೊ ಎಷ್ಟೇ ಕೆಂಪಗೆ ನಗುತ್ತಿದ್ದರೂ ನಾನು ನಂಬಬಾರದು ಎಂದು ತಿಂಗಳು ತಿಂಗಳು ಸಂಬಳ ಕೊಡುತ್ತಾರೆ. ಹಗಲೆಲ್ಲ ಅನುಮಾನ ಪಟ್ಟವಳು ಸಂಜೆ ಮನೆಗೆ ಬಂದ ಕೂಡಲೇ ನಂಬಿಕೆಯ ಹೆಂಗಸಾಗುವುದು ಹೇಗೆ? ತರಕಾರಿ ಬುಟ್ಟಿ ಕೊಂಡರೂ ಬೋರಲು ಹಾಕಿ ನೋಡುತ್ತೇನೆ. ರಾತ್ರಿ ದಿನಚರಿಯಲ್ಲಿ ವಾರ, ತಾರೀಖು ಹಾಕಿ, ನಲ್ಲಿ ನೀರು ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಬರೆಯುತ್ತೇನೆ. "ಇಂಥಾಕಿ ನನ್ನ ಒಂದ ಸಲ ನೋಡಿ ಹೆಂಗ ಒಪ್ಪಿದಿ?" ಎಂದು ನನ್ನ ಗಂಡ ವೀರೇಶ ಈಗಲೂ ಕೇಳುತ್ತಾರೆ. ಅವತ್ತು ಕರೆಂಟು ಹೋಗಿತ್ತು ಎಂದು ಹೇಳುತ್ತೇನೆ.

ನಮ್ಮ ಮದುವೆಯಾಗಿ ಎರಡು ವರ್ಷವಾಯಿತು. ಮನೆಯಲ್ಲಿ ನಮಗೊಂದು ಖೋಲಿ ಕೊಟ್ಟಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮನೆಯ ಉಪ್ಪಿನಕಾಯಿ ಜಾಡಿಗಳು, ಅಕ್ಕಿಯ ಡ್ರಮ್ಮು, ನೆಂಟರಿಗೆಂದು ಕಟ್ಟಿಟ್ಟ ಕೌದಿಗಳು ಎಲ್ಲ ಇರುವುದು ಅಲ್ಲಿಯೇ. ಮನೆಯವರ ದೃಷ್ಟಿಯಲ್ಲಿ ಅದು ಒಂದು ಜೋಡಿಯನ್ನೂ ಇಟ್ಟಿರುವ ಉಗ್ರಾಣ. ಹಾವೇರಿಯ ಕಚೇರಿಯಿಂದ ವೀರೇಶ ಮನೆಗೆ ಬಂದು, ಕೈಕಾಲು ತೊಳೆದು, "ಇವತ್ತ ಏನಾತಂದ್ರ" ಎಂದು ಶುರುಮಾಡುವಷ್ಟರಲ್ಲಿ ಅತ್ತೆ ಉಪ್ಪಿನಕಾಯಿಗೆ ಬರುತ್ತಾರೆ. ಅವರು ಹೋದ ಮೇಲೆ ನೆಗೆಣ್ಣಿ ಅಕ್ಕಿಗೆ ಬರುತ್ತಾಳೆ. ಎಲ್ಲರೂ ಒಳ್ಳೆಯವರು, ಎಲ್ಲರೂ ಬಾಗಿಲು ಬಡಿದೇ ಬರುತ್ತಾರೆ; ಬಡಿಯುವುದೂ ಒಳಗೆ ಬರುವುದೂ ಒಂದೇ ಏಟಿಗೆ ಆಗುತ್ತದೆ, ಅಷ್ಟೆ. ಒಂದು ವಾರ ಕೂತು ಲೆಕ್ಕ ಬರೆದೆ. ಉಪ್ಪಿನಕಾಯಿಗೆ ಒಂಬತ್ತು ಸಲ, ಅಕ್ಕಿಗೆ ಆರು, ಕೌದಿಗೆ ನಾಲ್ಕು, ಮತ್ತು ಮಾವನವರು ಒಮ್ಮೆ, "ಏನಿಲ್ಲವಾ, ಸುಮ್ಮನ ಬಂದ್ನಿ" ಎಂದು. ಈ ಎರಡು ವರ್ಷದಲ್ಲಿ ನಾವಿಬ್ಬರೂ ತಡೆಯಿಲ್ಲದೆ ಮಾತಾಡಿದ್ದೆಂದರೆ ಒಮ್ಮೆ ನಾನೂ ಹಾವೇರಿಗೆ ಹೋಗಿದ್ದಾಗ, ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ, ರೈಲು ತಡವಾದ ಕೃಪೆಯಿಂದ. ಸುತ್ತಲಿನವರೆಲ್ಲ ರೈಲಿಗೆ ಬೈಯುತ್ತಿದ್ದರು. ನಾವಿಬ್ಬರು ಇನ್ನಷ್ಟು ತಡವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆವು.

ಅಂತೂ ವೀರೇಶನಿಗೆ ಮೂರು ದಿನ ರಜೆ ಸಿಕ್ಕಿತು, ಶುಕ್ರವಾರದಿಂದ ಭಾನುವಾರದವರೆಗೆ. ಆಮೇಲೆ ಕಚೇರಿಯಲ್ಲಿ ತಪಾಸಣೆ ಶುರು. ಈ ಸಲ ತಪ್ಪಿದರೆ ಮುಂದಿನ ವರ್ಷವೇ. ಅರಮನೆ ನೋಡುತ್ತೇವೆ, ಬೆಟ್ಟ ಹತ್ತುತ್ತೇವೆ ಎಂದು ಮನೆಯವರಿಗೆ ಹೇಳಿದೆವು. ನಮಗೆ ಬೇಕಾಗಿದ್ದು ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಬಾಗಿಲು. ಅಂಥ ಬಾಗಿಲು ಮೈಸೂರಿನಲ್ಲಿ ಸಿಕ್ಕೀತು ಎಂದುಕೊಂಡೆವು. "ನಾ ತಿಕೀಟ ನೋಡ್ತೇನಿ, ನೀ ಖೋಲಿ ನೋಡು" ಎಂದರು ವೀರೇಶ. ಅವರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಿಕೀಟು ಮುಗಿಸಿದರು. ನಾನು ಖೋಲಿ ನೋಡತೊಡಗಿದೆ.

ನಗರದ ಹೋಟೆಲುಗಳು ಫೋನಿನಲ್ಲಿ ತಮ್ಮ ಸೌಕರ್ಯಗಳನ್ನು ಹೇಳಿಕೊಳ್ಳುವ ರೀತಿಯೇ ಅನುಮಾನ ಹುಟ್ಟಿಸುವಂಥದ್ದು. "ಕರೆದಾಗ ವೈದ್ಯರು ಬರುತ್ತಾರೆ" ಎಂದು ಒಂದು ಹೋಟೆಲು ಹೆಮ್ಮೆಯಿಂದ ಬರೆದಿತ್ತು. ಇದು ಧೈರ್ಯವೋ ಎಚ್ಚರಿಕೆಯೋ? ಮೂರು ಬೇರೆ ಬೇರೆ ಹೋಟೆಲುಗಳ ಚಿತ್ರದಲ್ಲಿ ಒಂದೇ ಸೇಬು ಇತ್ತು, ಎಡಗಡೆ ಅದೇ ಕಪ್ಪು ಚುಕ್ಕೆ. ಕೊನೆಗೆ ರೈಲು ನಿಲ್ದಾಣದ ಹತ್ತಿರದ ಒಂದು ಹೋಟೆಲು ಸುಮಾರಾಗಿ ಮನಸ್ಸಿಗೆ ಬಂತು. ಅದರ ಹಾಸಿಗೆಯ ಮೇಲೆ ಟವೆಲ್ಲುಗಳನ್ನು ಮಡಚಿ ಎರಡು ಹಂಸ ಮಾಡಿ ಎದುರುಬದುರು ಕೂರಿಸಿದ್ದರು. ನೋಡಿದವರು ಆಹಾ ಎನ್ನಬಹುದು. ಹಂಸ ಬಿಚ್ಚಿದರೆ ಟವೆಲ್ಲು ಎಷ್ಟು ಉದ್ದ ಎಂಬುದು ನನ್ನ ಪ್ರಶ್ನೆ. ಗುಂಡಿ ಒತ್ತಲು ಹೋದ ಬೆರಳು ಅಲ್ಲಿಯೇ ನಿಂತಿತು. "ಒಂದೇ ಖೋಲಿ ಉಳಿದಿದೆ" ಎಂದು ಕೆಂಪಕ್ಷರದಲ್ಲಿ ಬೇರೆ ಬರುತ್ತಿತ್ತು. ಹಾಗೆ ಅವಸರ ಮಾಡಿಸುವವರನ್ನು ಕಂಡರೆ ನಾನು ಇನ್ನೂ ನಿಧಾನವಾಗುತ್ತೇನೆ.

ರಜೆಗೆ ಮುಂಚಿನ ಭಾನುವಾರ ತವರುಮನೆಗೆ, ಬ್ಯಾಡಗಿಗೆ ಹೋದೆ. ಅಪ್ಪ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. ನನ್ನ ಅನುಮಾನದ ಮೂಲ ಕಂಪನಿಯಲ್ಲ, ಇವರೇ ಎಂದು ವೀರೇಶ ಹೇಳುವುದುಂಟು. ಅಪ್ಪ ಫೋನನ್ನು ತೋಳುದ್ದ ದೂರ ಹಿಡಿದು ನೋಡಿದರು.

"ಇದೇನು ತಂಗಿ, ಹಾಸಗಿ ಮ್ಯಾಲ ಬಾತುಕೋಳಿ?"

"ಹಂಸ ಅಪ್ಪಾ. ಟವೆಲ್ಲದು."

"ಮೈ ಒರಸೂ ಅರಬಿಗೆ ಮಾರಿ ಮಾಡಿ ಕುಂದ್ರಿಸ್ಯಾರಂದ್ರ ಏನೋ ಮುಚ್ಚಾಕತ್ತಾರ ನೋಡು."

"ಮಂದಿ ಭಾಳ ಛಲೋ ಐತಿ ಅಂತ ಬರದಾರ. ಇಲ್ಲಿ ನೋಡಿಲ್ಲೆ."

"ಎಲ್ಲಿ ಬರದಾರ? ಮ್ಯಾಲೋ, ಕೆಳಗೋ?"

"ಮ್ಯಾಲ."

"ಹಂಗಾರ ಬಿಡು. ನಮ್ಮ ಪ್ಯಾಟ್ಯಾಗ ಚೀಲದ ಬಾಯಿಗೆ ಯಾರರೆ ಹೊಲಸ ಕಾಯಿ ಇಡ್ತಾರೇನು? ಮ್ಯಾಲ ಕೆಂಪಂದ್ರ ಕೆಂಪು, ತಳದಾಗ ಬಿಳೇ ಕಾಯಿ. ಮೊಳಕೈತನಾ ಕೈ ಹಾಕಿ ತಳದಾಗಿಂದು ತಗೀಬೇಕು. ಒಂದ ಖೋಲಿ ಉಳದೈತಿ ಅನ್ನೂದು ಬ್ಯಾರೆ. ಕಡೀ ಚೀಲ ಐತಿ ಅಂತ ನಾನೂ ದಿನಾ ಅಂತೇನಿ."

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬರುವವರೆಗೆ ಬಸ್ಸಿನಲ್ಲಿ ಕೂತು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ, ತಳ್ಳುತ್ತ, ಆ ಹೋಟೆಲಿನ ಬಗ್ಗೆ ಮಂದಿ ಬರೆದದ್ದರ ತಳಕ್ಕೆ ಇಳಿದೆ. ಅಪ್ಪ ಹೇಳಿದಂತೆ ಬಿಳಿ ಕಾಯಿಗಳೆಲ್ಲ ಅಲ್ಲಿಯೇ ಇದ್ದವು. ಬಚ್ಚಲಿನ ಕಿಟಕಿಯಲ್ಲಿ ಪಾರಿವಾಳಗಳು ಗೂಡು ಕಟ್ಟಿವೆ ಎಂದು ಒಬ್ಬರು. ಪಕ್ಕದ ಕಟ್ಟಡ ಒಡೆಯುತ್ತಿದ್ದಾರೆ, ಬೆಳಗಾಗುವುದರೊಳಗೆ ತಲೆಯೊಳಗೇ ಡ್ರಿಲ್ಲು ಕೊರೆದಂತೆ ಆಗುತ್ತದೆ ಎಂದು ಇನ್ನೊಬ್ಬರು. ಮೂರನೆಯವರಂತೂ ಲಿಫ್ಟಿನಲ್ಲಿ ಸಿಕ್ಕಿಕೊಂಡು, ಬಿಡಿಸುವವರು ಬರುವವರೆಗೆ ಹೊತ್ತು ಹೋಗದೆ ಒಳಗಿನಿಂದಲೇ ಬರೆದಿದ್ದರು. ಎಲ್ಲವನ್ನೂ ಗುರುತು ಮಾಡಿಕೊಂಡೆ. ಗೆದ್ದಂತಾಯಿತು.

ಸೋಮವಾರ ಹೋಟೆಲಿಗೆ ಫೋನು ಮಾಡಿದೆ. ಎತ್ತಿದವರು ಸ್ವಾಗತದ ಮೇಜಿನ ನಂಜುಂಡ ಎಂಬವರು. ದನಿಯಿಂದಲೇ ಮಕ್ಕಳೊಂದಿಗರು ಎಂದು ತಿಳಿಯುತ್ತಿತ್ತು.

"ಹೇಳಿ ಮೇಡಂ, ಎಷ್ಟು ದಿನಕ್ಕೆ ಬೇಕು ರೂಮು?"

"ಅದು ಆಮ್ಯಾಲ್ರಿ. ಮೊದಲ ಪಾರಿವಾಳದ್ದು ಹೇಳ್ರಿ."

"ಯಾವ ಪಾರಿವಾಳ ಮೇಡಂ?"

"ಬಚ್ಚಲದ ಕಿಟಕ್ಯಾಗ ಗೂಡು ಕಟ್ಯಾವಂತಲ್ರಿ. ಈಗ ಮರೀ ಆಗ್ಯಾವೇನು?"

"ಮೇಡಂ, ನೀವು ಪ್ರಾಣಿದಯಾ ಸಂಘದವರಾ?"

ಪಕ್ಕದ ಕಟ್ಟಡ ಇನ್ನೂ ಒಡೆಯುತ್ತಾರೇನ್ರಿ ಎಂದು ಕೇಳಿದೆ. "ಪಕ್ಕದ್ದು ಕಣ್ಣಿನ ಆಸ್ಪತ್ರೆ ಮೇಡಂ. ಅದನ್ಯಾಕೆ ಒಡೀತಾರೆ?" ಎಂದರು. ಮಾರುವವನು ಹಾಗೇ ಹೇಳಬೇಕಲ್ಲ ಎಂದುಕೊಂಡು ಫೋನಿಟ್ಟೆ. ಮಂಗಳವಾರ ಮತ್ತೆ ಮಾಡಿದೆ.

"ಲಿಫ್ಟಿನ್ಯಾಗ ಸಿಕ್ಕೊಂಡವರು ಹೊರಗ ಬಂದ್ರೇನ್ರಿ?"

"ಅಯ್ಯೋ, ಯಾವಾಗ ಸಿಕ್ಕಾಕೊಂಡ್ರು ಮೇಡಂ?" ಎಂದವರೇ ಫೋನನ್ನು ಹಾಗೆಯೇ ಮೇಜಿನ ಮೇಲೆ ಒಗೆದು ಓಡಿದರು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಯಾರಿಗೋ ಕೂಗಿದ ಸದ್ದು. ಏದುಸಿರು ಬಿಡುತ್ತ ವಾಪಸು ಬಂದರು. "ಎಲ್ಲಾ ಮಹಡೀಲೂ ನೋಡ್ದೆ ಮೇಡಂ. ಯಾರೂ ಇಲ್ಲ!"

ಬುಧವಾರ, ಬಿಸಿನೀರಿನ ನಲ್ಲಿ ಬಿಟ್ಟು ಫೋನನ್ನು ಅದರ ಹತ್ತಿರ ಹಿಡಿಯಿರಿ, ಧಾರೆ ಎಷ್ಟು ದಪ್ಪ ಎಂದು ಸದ್ದಿನಿಂದ ತಿಳಿಯುತ್ತದೆ ಎಂದೆ. ಪುಣ್ಯಾತ್ಮರು ಹಿಡಿದರು. ಹಿಡಿದ ಮೇಲೆ ಕೇಳಿದರು, "ಬೇಜಾರು ಮಾಡ್ಕೋಬೇಡಿ ಮೇಡಂ. ಈ ಪಾರಿವಾಳ, ಲಿಫ್ಟು, ಇವೆಲ್ಲ ನಿಮಗೆ ಹೇಳಿದ್ಯಾರು?" ನಿಮ್ಮ ಗಿರಾಕಿಗಳೇ ಬರೆದಿದ್ದಾರೆ ಎಂದು ಓದಿ ಹೇಳಿದೆ. "ಅದರ ಪಕ್ಕದಲ್ಲಿ ವರ್ಷ ಹಾಕಿರುತ್ತೆ, ಒಂಚೂರು ನೋಡ್ತೀರಾ?" ಎಂದರು ನಂಜುಂಡ, ಬಹಳ ಮೆತ್ತಗೆ.

ನೋಡಿದೆ. ಆ ವರ್ಷ ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದೆ. ಹೋಟೆಲು ಆಗತಾನೆ ಶುರುವಾಗಿತ್ತು, ನಂಜುಂಡ ಇನ್ನೂ ಅಲ್ಲಿ ಕೆಲಸಕ್ಕೆ ಸೇರಿರಲಿಲ್ಲ. ಆ ಪಾರಿವಾಳಗಳ ಮೊಮ್ಮಕ್ಕಳೂ ಈ ಹೊತ್ತಿಗೆ ಬದುಕಿರಲಾರವು. ಚೀಲದ ತಳದಲ್ಲಿ ಸಿಗುವುದು ಸತ್ಯ. ಫೋನಿನ ತಳದಲ್ಲಿ ಸಿಗುವುದು ಹಳತು. ಮನೆಗೆ ನೀರು ಬಂದ ಹೊತ್ತಿಗೂ ತಾರೀಖು ಹಾಕುವ ನಾನು ಬೇರೆಯವರು ಹಾಕಿದ ತಾರೀಖನ್ನು ನೋಡಿರಲಿಲ್ಲ.

ಅವತ್ತು ಸಂಜೆ ವೀರೇಶ ಬಂದವರೇ ಕೇಳಿದರು. "ಖೋಲಿ ಆತೇನು?"

"ನೋಡಾಕತ್ತೇನ್ರಿ."

"ನಾಳೆ ರಾತ್ರಿ ರೈಲ ಐತಿ, ಸವಿತಾ. ನಿನ್ನ ಬೀಜಾ ಮೊಳಕಿ ಒಡಿಯೂದ್ರಾಗ ನನ್ನ ರಜಾ ಒಣಗಿ ಹೊಕ್ಕತಿ."

ಅವರು ನಗುತ್ತಲೇ ಅಂದರು. ಆದರೆ ಹಾಸಿಗೆಯ ಮೇಲೆ ತೆಗೆದಿಟ್ಟಿದ್ದ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದ್ದನ್ನು ನೋಡಿ ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಉಪ್ಪಿನಕಾಯಿಗೆ ಬಂದ ಅತ್ತೆ ಜಾಡಿಯ ಮುಚ್ಚಳ ತೆಗೆಯುತ್ತ, "ಖೋಲಿ ಸಿಗಲಿಲ್ಲಂದ್ರ ಬಿಡವಾ, ಮನ್ಯಾಗ ಆರಾಮ ಇರ್ರಿ. ಮೂರ ದಿನಾ ಇಲ್ಲೇ ಫ್ಯಾನಿನ ಕೆಳಗ ಹಪ್ಪಳಾ ಹಾಕಬೇಕಂತ ಮಾಡೇನಿ. ನೀವಿದ್ರ ಹೊಳ್ಳಿಸಾಕ ಅನುಕೂಲ ಆಕ್ಕತಿ" ಎಂದರು. ನಮ್ಮ ರಜೆ, ನಮ್ಮ ಹಾಸಿಗೆ, ಅದರ ಮೇಲೆ ಸಾಲುಸಾಲು ಹಪ್ಪಳ. ಅವುಗಳನ್ನು ಹೊರಳಿಸುತ್ತ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಆ ಚಿತ್ರ ಕಣ್ಣ ಮುಂದಿನಿಂದ ಬೆಳಗಿನವರೆಗೂ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೋದವಳೇ ಫೋನು ತೆಗೆದೆ. ಕೆಂಪಕ್ಷರ ಇರಲಿಲ್ಲ. ಖೋಲಿಯೂ ಇರಲಿಲ್ಲ. ನಂಜುಂಡನವರಿಗೆ ಫೋನು ಮಾಡಿದೆ. "ಹೋಯ್ತಲ್ಲ ಮೇಡಂ. ನಿಮಗೆ ನೀರಿನ ಸದ್ದು ಕೇಳಿಸಿದೆನಲ್ಲ, ಅದೇ ರೂಮು. ಅದಾಗಿ ಅರ್ಧ ಗಂಟೆಗೆಲ್ಲ ಹೋಯ್ತು" ಎಂದರು. ಜಗತ್ತಿನಲ್ಲಿ ಕಡೆಯ ಚೀಲ ಎಂಬುದು ಒಮ್ಮೊಮ್ಮೆ ನಿಜವಾಗಿಯೂ ಕಡೆಯದೇ ಆಗಿರುತ್ತದೆ ಎಂದು ಅಪ್ಪ ನನಗೆ ಹೇಳಿಕೊಟ್ಟಿರಲಿಲ್ಲ.

"ಬ್ಯಾರೆ ಯಾವುದೂ ಇಲ್ಲೇನ್ರಿ?"

"ಒಂದಿದೆ. ಅದನ್ನ ಫೋನಲ್ಲಿ ಹಾಕಲ್ಲ ನಾವು. ಕಿಟಕಿ ತೆಗೆದ್ರೆ ಆಸ್ಪತ್ರೆ ಗೋಡೆ."

"ಫೋಟೊ?"

"ಇಲ್ಲ ಮೇಡಂ."

"ಮಂದಿ ಏನಂತ ಬರದಾರ್ರಿ?"

"ಯಾರೂ ಏನೂ ಬರೆದಿಲ್ಲ."

ಮೇಲೂ ಇಲ್ಲದ, ತಳವೂ ಇಲ್ಲದ ಚೀಲ. ನಾಲ್ಕು ದಿನದಿಂದ ಅವರಿಗೆ ಕೇಳಿದ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಬೇಕಾದದ್ದನ್ನು ಕೇಳಿಯೇ ಇರಲಿಲ್ಲ. ಈಗ ಕೇಳಿದೆ. "ಬಾಗಲಕ್ಕ ಒಳಗಿಂದ ಚಿಲಕ ಐತೇನ್ರಿ?"

"ಇದೆ ಮೇಡಂ."

"ಮಂದಿ ಆಗಾಗ ಬಂದು ಬಡೀತಾರೇನ್ರಿ?"

ನಂಜುಂಡ ದನಿ ತಗ್ಗಿಸಿದರು. "ನೀವಾಗಿ ಕರೆಯೋವರ್ಗೂ ಯಾರೂ ಬರಲ್ಲ."

"ಹಂಗಾರ ಕೊಡ್ರಿ" ಎಂದೆ. ನನ್ನ ಜೀವನದಲ್ಲಿ ಅಷ್ಟು ಬೇಗ ನಾನು ಕೊತ್ತಂಬರಿಯನ್ನೂ ಕೊಂಡವಳಲ್ಲ.

ಶುಕ್ರವಾರ ಮೈಸೂರು. ಹೋಟೆಲಿನ ಮೇಜಿನ ಹಿಂದೆ ಕನ್ನಡಕದ ನಂಜುಂಡ ಎದ್ದು ನಿಂತರು. ಪಕ್ಕದವರಿಗೆ ಪಿಸುದನಿಯಲ್ಲಿ, ಆದರೆ ನಮಗೆ ಕೇಳುವಂತೆ, "ಇವ್ರೇ ಕಣಯ್ಯಾ, ಪಾರಿವಾಳದ ಮೇಡಂ" ಎಂದರು. ಅಡುಗೆಮನೆಯಿಂದಲೂ ಇಬ್ಬರು ಇಣುಕಿ ನೋಡಿ ಹೋದರು. ನಾವು ಖೋಲಿಗೆ ಹೋಗಿ, ಚಿಲಕ ಹಾಕಿ, ಹಾಸಿಗೆಯ ಅಂಚಿನಲ್ಲಿ ಕೂತೆವು. ಯಾರೂ ಬರಲಿಲ್ಲ. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದೆವು. ಇನ್ನೂ ಯಾರೂ ಬರಲಿಲ್ಲ. ಎರಡು ವರ್ಷ ಮಾತನ್ನು ತುಂಡು ತುಂಡು ಮಾಡಿ ಆಡಿ ರೂಢಿಯಾದವರಿಗೆ ಇಡೀ ಮಧ್ಯಾಹ್ನವನ್ನು ಒಟ್ಟಿಗೆ ಕೊಟ್ಟರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಮತ್ತ?" ಎಂದರು ವೀರೇಶ.

"ಮತ್ತೇನಿಲ್ರಿ."

ಅವರು ಗಡಿಯಾರ ನೋಡಿಕೊಂಡರು. "ಅವ್ವ ಉಪ್ಪಿನಕಾಯಿಗೆ ಬರೂ ಹೊತ್ತಾತು."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಆಮೇಲೆ ಮಾತು ನಿಲ್ಲಲಿಲ್ಲ. ನಾನು ಡಬ್ಬಿಗೆ ಕಟ್ಟುವ ಬದನೆಕಾಯಿ ಪಲ್ಯವನ್ನು ಎರಡು ವರ್ಷದಿಂದ ತಿನ್ನುತ್ತಿರುವುದು ಅವರ ಕಚೇರಿಯ ಒಬ್ಬ ಗೆಳೆಯ ಎಂದು ಅವತ್ತು ಗೊತ್ತಾಯಿತು. ಕಂಪನಿಯಿಂದ ಮನೆಗೆ ನಾನು ಬೇಕಂತಲೇ ಸುತ್ತು ದಾರಿಯಲ್ಲಿ ಬರುತ್ತೇನೆ, ಆ ಸ್ವಲ್ಪ ಹೊತ್ತು ಯಾರೂ ಏನೂ ಕೇಳುವುದಿಲ್ಲ ಎಂದು ನಾನೂ ಹೇಳಿದೆ. ಅವರು, "ಹಂಗಾರ ಇನ್ನ ಮ್ಯಾಲ ಸ್ಟೇಷನ್ನಿಂದ ನಾನೂ ಆ ದಾರೀಲೆ ಬರ್ತೇನಿ" ಎಂದರು. ಅರಮನೆಯನ್ನು ಹೊರಗಿನಿಂದಷ್ಟೇ ನೋಡಿದೆವು. ಒಳಗೆ ಹೋಗಲು ಮಾತು ಮುಗಿದಿರಲಿಲ್ಲ.

ಊರಿಗೆ ಬಂದ ಮೇಲೆ ಹೋಟೆಲಿನಿಂದ ಫೋನಿಗೆ ಒಂದು ಸಂದೇಶ ಬಂತು. ನಮ್ಮ ಸೌಕರ್ಯಗಳಿಗೆ ನೀವು ಎಷ್ಟು ಅಂಕ ಕೊಡುತ್ತೀರಿ? ಹಾಸಿಗೆ, ಪರದೆ, ಬೆಳಗಿನ ತಿಂಡಿ, ಟಿ.ವಿ., ಒಂದೊಂದಕ್ಕೂ ಐದು ನಕ್ಷತ್ರಗಳ ಸಾಲು. ಇದು ನನ್ನ ಕ್ಷೇತ್ರ. ಕಾಲು ಮಡಚಿ ಕೂತೆ. ಪರದೆಯ ಬಣ್ಣ ನೆನಪಾಗಲಿಲ್ಲ. ಪರದೆ ಇದ್ದದ್ದೇ ನೆನಪಾಗಲಿಲ್ಲ. ಹಾಸಿಗೆ ಮೆತ್ತಗಿತ್ತೋ ಗಟ್ಟಿಯೋ? ವೀರೇಶನನ್ನು ಕೇಳಿದರೆ, "ನನಗೇನ ಗೊತ್ತು? ನೋಡೂಕಿ ನೀನಲ್ಲೇನು?" ಎಂದರು. ಎಲ್ಲದಕ್ಕೂ ಐದು ಕೊಟ್ಟು ಮುಗಿಸಬಹುದಿತ್ತು. ಪರೀಕ್ಷೆ ಮಾಡದೆ ಅಂಕ ಕೊಡುವುದು ನನ್ನಿಂದಾಗದು. ಕೊನೆಗೆ ಆ ಪರಿಚಿತ ನಂಬರಿಗೇ ಫೋನು ಮಾಡಿದೆ.

"ನಂಜುಂಡಣ್ಣಾರ, ಒಂದ ಮಾತ ಕೇಳೂದಿತ್ರಿ. ನಾವಿದ್ದ ಖೋಲ್ಯಾಗ ಟಿ.ವಿ. ಇತ್ತೇನ್ರಿ?"

ಆ ಕಡೆ ರಿಜಿಸ್ಟರಿನ ಹಾಳೆಗಳನ್ನು ಮಗುಚುವ ಸದ್ದು ಕೇಳಿಸಿತು.

"ಮೇಡಂ," ಎಂದರು ಅವರು ಕೊನೆಗೆ, "ನೀವು ಉಳಿದಿದ್ದು ನಮ್ಮ ಹೋಟೆಲಲ್ಲೇ ತಾನೆ?"